ಮೊದಲು ಬಾಯಿಗೆ, ಆಮೇಲೆ ಅರ್ಥಕ್ಕೆ

ಕನ್ನಡ ಪದ್ಯ ಓದುವ ಮೈಸೂರಿನ ನಮ್ಮ ಓದುಕೂಟಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯುತ್ತಾ ಕೂರುತ್ತಾರೆ. ನಾನು ಮೊದಲು ಆ ಪೆನ್ಸಿಲ್ ಕೆಳಗಿಡಿಸುತ್ತೇನೆ. ನಿಘಂಟು, ತಾತ್ಪರ್ಯ ಎರಡೂ ಆಮೇಲೆ. ತಾತ್ಪರ್ಯವನ್ನೇ ಮೊದಲು ಓದಿಬಿಟ್ಟರೆ ಪದ್ಯದಲ್ಲಿ ಅದನ್ನಷ್ಟೇ ಹುಡುಕುತ್ತೇವೆ, ಉಳಿದದ್ದು ಕಣ್ತಪ್ಪಿ ಹೋಗುತ್ತದೆ.

ಷಟ್ಪದಿಯನ್ನು, ಅಂದರೆ ಆರು ಸಾಲಿನ ಪದ್ಯವನ್ನು, ಎರಡು ಸಲ ಗಟ್ಟಿಯಾಗಿ ಓದಿಸುತ್ತೇನೆ. ಮೊದಲ ಸಲ ಗಣಗಳಾಗಿ, ಅಂದರೆ ತಾಳದ ತುಂಡುಗಳಾಗಿ, ಒಡೆದು. ಭಾಮಿನಿ ಎಂಬ ಬಗೆಯ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳು 3+4+3+4, ಅಂದರೆ 14 ಮಾತ್ರೆ (ಹ್ರಸ್ವ ಅಕ್ಷರಕ್ಕೆ 1, ದೀರ್ಘಕ್ಕೆ 2). 3 ಮತ್ತು 6ನೆಯವು ಅದರ ಒಂದೂವರೆಯಷ್ಟು, ಕೊನೆಗೊಂದು ಗುರು (2 ಮಾತ್ರೆಯ ಅಕ್ಷರ), ಒಟ್ಟು 23. ಕುಮಾರವ್ಯಾಸನ ಭಾರತದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ: ‘ಶ್ರೀವ|ನಿತೆಯರ|ಸನೆ ವಿ|ಮಲರಾ’, ‘ಜೀವ|ಪೀಠನ|ಪಿತನೆ|ಜಗಕತಿ’. ಬೆರಳಲ್ಲಿ ಎಣಿಸುವುದು ಬೇಡ, ತೊಡೆಯ ಮೇಲೆ ತಟ್ಟಿ. ‘ಪಾವನನೆ ಸನಕಾದಿ ಸಜ್ಜನ...’ ಎಂಬ 3ನೇ ಸಾಲಿನ ‘ಸಜ್ಜನ’ದಲ್ಲಿ ಬಹಳ ಮಂದಿ ಎಡವುತ್ತಾರೆ. ಒತ್ತಕ್ಷರದ ಹಿಂದಿನ ‘ಸ’ ಗುರುವಾಗುವುದರಿಂದ ಅದು 4 ಮಾತ್ರೆ. ಹಗುರಾಗಿ ಹಾರಿಸಿದರೆ ಮುಂದಿನ ಗಣಗಳೆಲ್ಲ ತಾಳ ತಪ್ಪುತ್ತವೆ. ಶ್ರೀವ, ಜೀವ, ಪಾವ ಎಂದು ಎರಡನೇ ಅಕ್ಷರದ ಪ್ರಾಸವೂ ಕಿವಿಗೆ ಬೀಳಬೇಕು.

ಎರಡನೇ ಸಲ ಅನ್ವಯಕ್ಕಾಗಿ, ಅಂದರೆ ಯಾವ ಪದ ಯಾವುದರೊಡನೆ ಕೂಡುತ್ತದೆ ಎಂದು ತಿಳಿಯಲು. ಸಾಲು ಮುಗಿದಲ್ಲಿ ನಿಲ್ಲುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ‘ವಿಮಲರಾ’ ಎಂದು ನಿಂತರೆ ಏನೂ ತಿಳಿಯದು. ಉಸಿರು ಬಿಡದೆ ಕೆಳಗಿನ ಸಾಲಿಗೆ ಇಳಿದರೆ ‘ರಾಜೀವಪೀಠ’, ತಾವರೆಯ ಮೇಲೆ ಕೂತ ಬ್ರಹ್ಮ. ‘ಪಿತನೆ’ ಸೇರಿದಾಗ ಅವನ ತಂದೆ ವಿಷ್ಣು. ತಾಳ ಒಂದು ಕಡೆ ಕಡಿಯುತ್ತದೆ, ಮಾತು ಇನ್ನೊಂದು ಕಡೆ ಮುಗಿಯುತ್ತದೆ. ಷಟ್ಪದಿಯಲ್ಲಿ ನನಗೆ ಎಲ್ಲಕ್ಕಿಂತ ಸುಖ ಕೊಡುವುದು ಈ ಎಳೆದಾಟ. ಕಾವ್ಯವನ್ನು ರಾಗವಾಗಿ ಓದುವ ಒಳ್ಳೆಯ ಗಮಕಿಗಳು ಎರಡನ್ನೂ ಉಳಿಸಿಕೊಂಡು ಹಾಡುತ್ತಾರೆ, ಪದ ಒಡೆಯುವ ಕಡೆ ಗಮನಿಟ್ಟು ಕೇಳಿ.

ಈಗ ನಿಘಂಟು ತೆಗೆಯಬಹುದು. ಒಂದು ಸಲಕ್ಕೆ ಎರಡು ಮೂರು ಪದ್ಯ ಸಾಕು.

ಭಾವಗೀತೆಯ ತೊಡಕು ಬೇರೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳು ಮಂಡ್ಯ ಕಡೆಯ ಎಷ್ಟೋ ಮಂದಿಗೆ ಕ್ಯಾಸೆಟ್ಟಿನ ಧಾಟಿಯಲ್ಲೇ ಬಾಯಿಪಾಠ. ಪುಸ್ತಕ ತೆರೆದರೂ ಆ ಧಾಟಿಯೇ ಎಳೆದುಕೊಂಡು ಹೋಗುತ್ತದೆ, ಹಾಡಿನಲ್ಲಿ ಬಿಟ್ಟುಹೋದ ನುಡಿ (ಚರಣ) ಇದ್ದರೆ ಗೊತ್ತೇ ಆಗುವುದಿಲ್ಲ. ಈ ಪದ್ಯಗಳನ್ನು ರಾಗವಿಲ್ಲದೆ, ಮನೆಯವರೊಡನೆ ಮಾತಾಡುವ ದನಿಯಲ್ಲಿ ಓದಿಸುತ್ತೇನೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಮೊದಲ ನುಡಿಯಲ್ಲೇ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ತುಂಟತನವೆಲ್ಲ ಗೋಳಾಗಿ ಕೇಳುತ್ತದೆ. ಧಾಟಿ ಅಷ್ಟಕ್ಕೂ ಬಿಡದಿದ್ದರೆ ಕೊನೆಯ ನುಡಿಯಿಂದ ಶುರುಮಾಡಿ ಒಂದೊಂದೇ ನುಡಿ ಹಿಂದಕ್ಕೆ ಓದುತ್ತಾ ಬನ್ನಿ.