ಮಟ್ಟುವಿನಿಂದ ಕಾಪು ದೀಪಸ್ತಂಭಕ್ಕೆ: ಕಡಲ ಬದಿಯಲ್ಲಿ ಒಂದು ದಿನ ಕಳೆಯುವುದು ಹೇಗೆ?

ಉಡುಪಿ ಹತ್ತಿರದ ಕಾಪುವಿಗೆ ಹೋದವರಲ್ಲಿ ತುಂಬಾ ಜನ ಹೆದ್ದಾರಿಯಿಂದ ಕಾರು ತಿರುಗಿಸಿ, ಬಂಡೆ ಹತ್ತಿ, ನಾಲ್ಕು ಫೋಟೊ ತೆಗೆದು ಹೊರಟುಬಿಡುತ್ತಾರೆ. ಇಡೀ ದಿನ ಇದ್ದರೆ ಹಾಗೆ ಮಾಡಬೇಡಿ. ಉತ್ತರದ ಮಟ್ಟು ಊರಿಂದ ಕಡಲ ಬದಿಯಲ್ಲೇ ನಡೆದು ಬನ್ನಿ, ದೀಪಸ್ತಂಭವನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ತಿಂಗಳು ನೋಡಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಸಮಯ. ಮಳೆಗಾಲದಲ್ಲಿ ಈ ನಡಿಗೆ ಬೇಡವೇ ಬೇಡ. ಆಮೇಲೆ ಭರತ–ಇಳಿತದ ಹೊತ್ತು ನೋಡಿಕೊಳ್ಳಿ, ಮೊಬೈಲಲ್ಲೇ ಸಿಗುತ್ತದೆ. ಇಳಿತವಿದ್ದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂತುಹೋಗುವುದಿಲ್ಲ. ಭರತದಲ್ಲಿ ಮೇಲಿನ ಸಡಿಲ ಮರಳಲ್ಲಿ ನಡೆಯಬೇಕಾಗುತ್ತದೆ, ಸುಮ್ನೆ ಸುಸ್ತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹೋದ ವಾರ ಹೋಗಿಬಂದವರ ಲೆಕ್ಕ ನಿಮಗೆ ಆಗುವುದಿಲ್ಲ. ಬೆಳಗ್ಗೆ ಇಳಿತವಿರುವ ದಿನವನ್ನೇ ಆರಿಸಿ.

ಉಡುಪಿ–ಮಂಗಳೂರು ಸರ್ವಿಸ್ ಬಸ್ಸಲ್ಲಿ ಕಟಪಾಡಿಯಲ್ಲಿ ಇಳಿಯಿರಿ, ಅಲ್ಲಿಂದ ರಿಕ್ಷಾದಲ್ಲಿ ಮಟ್ಟು. ಬಿಸಿಲೇರುವ ಮೊದಲೇ ತಲುಪಿದರೆ ಒಳ್ಳೆಯದು. ತಕ್ಷಣ ಕಡಲಿಗೆ ಓಡಬೇಡಿ, ಗದ್ದೆ ಕಡೆ ಒಂದು ಸುತ್ತು ಹಾಕಿ. ಮಟ್ಟುಗುಳ್ಳ ಬೆಳೆಯುವುದು ಇಲ್ಲೇ. 2011ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಸಿಕ್ಕಿದ ಬದನೆ ಇದು. ತಿಳಿಹಸಿರು ಬಣ್ಣ, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಬೀಜ ಕೊಟ್ಟವರು ವಾದಿರಾಜ ಸ್ವಾಮಿಗಳು ಎಂದು ಊರವರು ನಂಬುತ್ತಾರೆ. ಸಿಪ್ಪೆ ತೆಳು. ಹುಳಿಗೆ ಇದರಷ್ಟು ಒಳ್ಳೆಯ ಬದನೆ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಬೆಳೆದವರ ಹತ್ತಿರವೇ ಸಿಕ್ಕಿದರೆ ಒಂದೆರಡು ಕೆಜಿ ತಗೊಳ್ಳಿ, ಹೊತ್ತು ನಡೆಯುವಷ್ಟು ಮಾತ್ರ.

ಈಗ ಕಡಲನ್ನು ಬಲಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ ನಡೆಯಿರಿ. ಎಡಕ್ಕೆ ತೆಂಗಿನ ತೋಟ ಇರುವುದರಿಂದ ಬೆಳಗ್ಗೆ ಅಲ್ಲಲ್ಲಿ ನೆರಳು ಸಿಗುತ್ತದೆ. ಕಡಲ್ಕೊರೆತ ತಡೆಯಲು ಕಲ್ಲು ಹಾಕಿದ ಕಡೆ ಕಲ್ಲಿನ ಮೇಲೆ ಹತ್ತಬೇಡಿ, ಪಕ್ಕದ ರಸ್ತೆಗೆ ಬನ್ನಿ. ದಾರಿಯಲ್ಲಿ ಕೈರಂಪಣಿ ಬಲೆ ಎಳೆಯುವವರು ಕಂಡರೆ ನಿಂತು ನೋಡಲೇಬೇಕು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಆಮೇಲೆ ಎರಡು ತುದಿಯ ಹಗ್ಗವನ್ನು ಎರಡು ಗುಂಪು ದಡದಿಂದ ಎಳೆಯುತ್ತದೆ. ಬಲೆ ಹತ್ತಿರ ಬಂದಂತೆ ಗುಂಪುಗಳೂ ಹತ್ತಿರವಾಗುತ್ತವೆ. ಹಗ್ಗ ತುಳಿಯಬೇಡಿ, ದಾಟಬೇಡಿ. ಅದು ಅವರ ದುಡಿಮೆ, ಅಲ್ವಾ? ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ.

ಮಧ್ಯಾಹ್ನ ಕಾಪು ಪೇಟೆಯಲ್ಲಿ ಊಟ ಮಾಡಿ. ಬಂಗುಡೆ ಫ್ರೈ ತಿನ್ನುವವರಿಗೆ ತೊಂದರೆಯೇ ಇಲ್ಲ. ಊಟದ ನಂತರ ಮಾರಿಗುಡಿ ನೋಡಬಹುದು, ಕಾಪುವಿನಲ್ಲಿ ಮೂರಿವೆ. ಬಿಸಿಲಲ್ಲಿ ಮತ್ತೆ ಮರಳಿಗೆ ಇಳಿಯಬೇಡಿ, ನೆರಳಲ್ಲಿ ಸ್ವಲ್ಪ ಕೂತುಕೊಳ್ಳಿ.

ದೀಪಸ್ತಂಭದ ಒಳಗೆ ಬಿಡುವುದು ಸಾಮಾನ್ಯವಾಗಿ ಸಂಜೆ ಮಾತ್ರ. ನಾಲ್ಕರ ಹೊತ್ತಿಗೆ ಬಂಡೆಯ ಬುಡದಲ್ಲಿರಿ, ರಶ್ ಜಾಸ್ತಿ ಆಗುವ ಮೊದಲು ಮೇಲೆ ಹೋಗಬಹುದು. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಒಳಗೆ ಸುರುಳಿ ಮೆಟ್ಟಿಲು. ಕೊನೆಯ ಭಾಗ ಇಕ್ಕಟ್ಟು, ಹಾಗಾಗಿ ಇಳಿಯುವವರಿಗೆ ದಾರಿ ಬಿಟ್ಟು ಹತ್ತಿ. ಮಂಡಿನೋವು ಇದ್ದವರು ಕೆಳಗಿನ ಬಂಡೆಯಲ್ಲೇ ಕೂತರೂ ನಷ್ಟವಿಲ್ಲ. ಮೇಲೆ ಗಾಳಿ ಜೋರು, ಟೋಪಿ ಚೀಲಕ್ಕೆ ಹಾಕಿ. ಉತ್ತರಕ್ಕೆ ತಿರುಗಿ ನೋಡಿ: ಬೆಳಗ್ಗೆ ನಡೆದ ದಂಡೆ ಅಷ್ಟುದ್ದಕ್ಕೂ ಕಾಣುತ್ತದೆ. ಇದಕ್ಕಾಗಿಯೇ ಹತ್ತುವುದನ್ನು ಕೊನೆಗೆ ಇಟ್ಟುಕೊಳ್ಳಿ ಎಂದದ್ದು.

ಸೂರ್ಯಾಸ್ತವನ್ನು ಕೆಳಗೆ ಇಳಿದು ಮರಳಲ್ಲಿ ಕೂತು ನೋಡಿ. ಬಂಡೆಯ ಅಂಚಿಗೆ ಹೋಗಬೇಡಿ, ಪಾಚಿ ಜಾರುತ್ತದೆ. ಬಂಡೆಗಳ ನಡುವೆ ನೀರಿನ ಸೆಳೆತ ಇರುವುದರಿಂದ ಈಜು ಬಂದರೂ ಅಲ್ಲಿ ಇಳಿಯಬೇಡಿ. ಕತ್ತಲಾದ ಮೇಲೆ ಹೆದ್ದಾರಿವರೆಗೆ ರಿಕ್ಷಾ ಹಿಡಿಯಿರಿ. ಉಡುಪಿಗೂ ಮಂಗಳೂರಿಗೂ ಅಲ್ಲಿಂದ ಬಸ್ ಸಿಗುತ್ತದೆ.