ಜುಮುಕಿ ಒಡೆಯುವುದು ನಿಂತಿದ್ದು ಹೀಗೆ
ಚಿತ್ರದುರ್ಗದಲ್ಲಿ ಮನೆಯಲ್ಲೇ ಟೆರಾಕೋಟಾ ಜುಮುಕಿ ಮಾಡಿ ಮಾರುತ್ತೇನೆ. ಗೌರಿ ಹಬ್ಬದ ಆರ್ಡರ್‌ಗೆ 20 ಜೊತೆ ಸುಟ್ಟರೆ 9 ಒಡೆದವು. ಸುಮ್ನೆ ಮಣ್ಣು ಕೊಟ್ಟವರನ್ನು ಬೈದುಕೊಂಡೆ, ತಪ್ಪು ನನ್ನದೇ. ನಮ್ಮೂರ ಬಿಸಿಲು, ಗಾಳಿ ಗೊತ್ತಲ್ವಾ, ತಾರಸಿಯಲ್ಲಿಟ್ಟರೆ ಮೇಲೆ ಬೇಗ ಒಣಗುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ, ಸುಡುವಾಗ 100 ಡಿಗ್ರಿ ದಾಟುತ್ತಲೇ ಆ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಜುಮುಕಿಯನ್ನೇ ಸೀಳುತ್ತದೆ. ಈಗ ಮಣ್ಣನ್ನು ಚಪಾತಿ ಹಿಟ್ಟಿಗಿಂತ ಜಾಸ್ತಿ ನಾದಿ ಗಾಳಿಗುಳ್ಳೆ ತೆಗೆಯುತ್ತೇನೆ. ನೆರಳಲ್ಲಿ, ಪೇಪರ್ ಮುಚ್ಚಿ 5 ದಿನ. ಕೆನ್ನೆಗೆ ಒತ್ತಿದಾಗ ತಣ್ಣಗಿದ್ದರೆ ಇನ್ನೂ ಹಸಿ ಇದೆ ಅಂತ ಅರ್ಥ. ಸುಡುವಾಗ ಮೊದಲ ಒಂದು ಗಂಟೆ ಸಣ್ಣ ಉರಿ. ಕಳೆದ ಸಲ 30 ಜೊತೆಯಲ್ಲಿ ಒಡೆದಿದ್ದು ಒಂದೇ, ಅದೂ ಅಮ್ಮನ ಕೈಜಾರಿ.