ಹೆಂಚಿನ ಮನೆಯ ಅಟ್ಟದಿಂದ ಕಬ್ಬೆಕ್ಕನ್ನು ಹೊರಗೆ ಕಳುಹಿಸುವ ಕ್ರಮ

ಮಂಗಳೂರಿನ ಕದ್ರಿ, ಬಿಜೈ, ಜೆಪ್ಪು ಕಡೆಯ ಹಳೆ ಹೆಂಚಿನ ಮನೆಗಳಿಂದ “ರಾತ್ರಿ ಅಟ್ಟದಲ್ಲಿ ಯಾರೋ ನಡೆದಾಡಿದ ಹಾಗೆ ಸದ್ದು” ಎಂಬ ಕರೆ ಬಂದರೆ ಬಹುಪಾಲು ಅದು ಕಬ್ಬೆಕ್ಕು (ಇಂಗ್ಲಿಷಿನಲ್ಲಿ ಪಾಮ್ ಸಿವೆಟ್). ಕಾಡಿನಲ್ಲಾದರೆ ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗುವ ಪ್ರಾಣಿ. ಪೇಟೆಯಲ್ಲಿ ಕಂಪೌಂಡಿನ ಹಳೆ ಮಾವು, ಹಲಸು ಒಂದೊಂದಾಗಿ ಹೋಗಿವೆ. ಎತ್ತರ, ಕತ್ತಲೆ, ಮಳೆ ತಾಗದ ಜಾಗ ಮೂರೂ ಒಟ್ಟಿಗೆ ಸಿಗುವುದು ಈಗ ಹೆಂಚಿಗೂ ಮರದ ಮುಚ್ಚಿಗೆಗೂ ನಡುವೆ. ಊಟಕ್ಕೆ ಪಪ್ಪಾಯಿ, ಚಿಕ್ಕು, ಬಾಳೆಹಣ್ಣು, ಮುಟ್ಟಿದರೆ ನಮಗೆ ತುರಿಸುವ ಬೈನೆ ಹಣ್ಣು. ಜೊತೆಗೆ ಇಲಿ, ಹುಳು, ಬಸವನಹುಳು.

ಮನೆಯವರು ಮೊದಲು ಕೇಳುವುದು “ಬೋನಿಟ್ಟು ಹಿಡಿದು ಕಾಡಿಗೆ ಬಿಡಬಹುದಲ್ಲ?” ಎಂದು. ನಾನು ಅದನ್ನು ಮಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ಹಿಡಿದರೂ ಪ್ರಯೋಜನ ಇಲ್ಲ: ದಾರಿ ತೆರೆದೇ ಇದ್ದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ತಾಯಿಯನ್ನು ಸಾಗಿಸಿಬಿಟ್ಟರೆ ಅಟ್ಟದಲ್ಲಿ ಮರಿಗಳು ಹಸಿದು ಸಾಯುತ್ತವೆ. ಪ್ರಾಣಿ ತಾನಾಗಿ ಹೊರಟ ಮೇಲೆ ದಾರಿ ಮುಚ್ಚುವುದೇ ಕೆಲಸ.

ಮೊದಲು ಒಳಗಿರುವುದು ಏನೆಂದು ಖಚಿತ ಮಾಡಿಕೊಳ್ಳಬೇಕು. ಹಗಲು ಸದ್ದಾದರೆ ಅಳಿಲು. ರಾತ್ರಿಯಿಡೀ ಕರಕರ ಕಡಿಯುವ, ಹಗುರವಾಗಿ ಓಡುವ ಸದ್ದಾದರೆ ಇಲಿ. ಕಬ್ಬೆಕ್ಕು 2ರಿಂದ 5 ಕಿಲೋ ತೂಗುವುದರಿಂದ ಹೆಜ್ಜೆ ಭಾರ, ಹೆಂಚು ಕದಲಿದ ಸದ್ದು ಕೇಳುತ್ತದೆ. ಕತ್ತಲಾದ ಮೇಲೆ ಒಮ್ಮೆ, ಬೆಳಗಾಗುವ ಮುಂಚೆ ಒಮ್ಮೆ. ಹಿಕ್ಕೆಯನ್ನು ಟೆರೇಸಿನಲ್ಲೋ ಕಂಪೌಂಡ್ ಗೋಡೆಯ ಮೇಲೋ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಾಕುತ್ತದೆ, ಅದರಲ್ಲಿ ಬೀಜಗಳು ಇಡಿಯಾಗಿ ಕಾಣುತ್ತವೆ. ಸಂಶಯ ಉಳಿದರೆ ಅದು ಅಟ್ಟಕ್ಕೆ ಹೋಗಿಬರುವ ತೂತಿನ ಬುಡದಲ್ಲಿ ತೆಳ್ಳಗೆ ಮೈದಾ ಹರಡಿಡಿ. ಮನೆಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಕಬ್ಬೆಕ್ಕಿನದರಲ್ಲಿ ಐದು. ಈ ಮೈದಾ ಪರೀಕ್ಷೆ ಮುಂದೆಯೂ ಬೇಕಾಗುತ್ತದೆ.

ಇನ್ನು ಮರಿ. ಇಡೀ ಕೆಲಸದಲ್ಲಿ ಆತುರ ಸಲ್ಲದ ಜಾಗ ಇದೊಂದೇ. ಕಬ್ಬೆಕ್ಕಿಗೆ ಇಂಥದೇ ತಿಂಗಳಲ್ಲಿ ಮರಿ ಎಂದು ಹೇಳುವ ಹಾಗಿಲ್ಲ, ವರ್ಷದ ಯಾವಾಗಲಾದರೂ ಇರಬಹುದು. ಆದ್ದರಿಂದ ತಿಂಗಳು ನೋಡಿ ತೀರ್ಮಾನಿಸಬೇಡಿ. ತಾಯಿ ಹೊರಹೋದ ಅರ್ಧ ಗಂಟೆಯ ನಂತರ ಮುಚ್ಚಿಗೆಯ ಕೆಳಗೆ ಫ್ಯಾನ್ ಆರಿಸಿ ಸುಮ್ಮನೆ ನಿಂತು ಕೇಳಿ. ಸಣ್ಣ ಕೀರಲು ದನಿ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಮರಿಗಳು ಹಾಲು ಬಿಡಲು ಸುಮಾರು ಎರಡು ತಿಂಗಳು ಬೇಕು; ಆಮೇಲೆ ಅವೂ ತಾಯಿಯ ಹಿಂದೆ ಹೊರಡುತ್ತವೆ. ಅಷ್ಟು ಕಾಯಲಾಗದ ಮನೆಯಾದರೆ ಅಟ್ಟದಲ್ಲಿ ಹಗಲು ಒಂದು ಎಲ್‌ಇಡಿ ಬಲ್ಬ್ ಉರಿಸಿ, ಸಣ್ಣ ದನಿಯಲ್ಲಿ ರೇಡಿಯೋ ಇಡಿ. ನೆಮ್ಮದಿ ಕೆಟ್ಟರೆ ತಾಯಿಯೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸಬಹುದು. ತೂತು ಮಾತ್ರ ತೆರೆದೇ ಇರಬೇಕು. ಮರಿ ಒಳಗಿರುವಾಗ ಮುಚ್ಚಿದರೆ ತಾಯಿ ಹೆಂಚು ಕಿತ್ತು, ಮುಚ್ಚಿಗೆ ಕೆರೆದು ಒಳನುಗ್ಗಲು ನೋಡುತ್ತದೆ.

ನುಸಿಗುಳಿಗೆ, ಮೆಣಸಿನ ಹುಡಿ ಇಡುವವರಿದ್ದಾರೆ. ನುಸಿಗುಳಿಗೆಯ ಆವಿ ಕೆಳಗೆ ಮಲಗುವವರ ಮೂಗಿಗೇ ಬರುತ್ತದೆ, ಮಕ್ಕಳಿರುವ ಮನೆಯಲ್ಲಿ ಅಪಾಯ. ಇಲಿಪಾಷಾಣವಂತೂ ಬೇಡವೇ ಬೇಡ.

ಮರಿ ಇಲ್ಲವೆಂದು ಖಾತ್ರಿಯಾದ ಮೇಲೆ ಮಾಡಿಗೆ (ಛಾವಣಿಗೆ) ಬರುವ ದಾರಿ ಕಡಿಯಬೇಕು. ಸೂರಿನಿಂದ ಎರಡು ಮೀಟರ್ ಒಳಗೆ ಚಾಚಿದ ಕೊಂಬೆಗಳನ್ನು ಕತ್ತರಿಸಿ. ಮಾಡಿಗೆ ತಾಗುವ ತೆಂಗಿನ ಮರಕ್ಕೆ ನೆಲದಿಂದ ಆಳೆತ್ತರದಲ್ಲಿ 75 ಸೆಂಟಿಮೀಟರ್ ಅಗಲದ ನುಣುಪಾದ ತಗಡು ಸುತ್ತಿ. ಇಲಿಗೆ ಕಟ್ಟುವ ಸಣ್ಣ ಪಟ್ಟಿ ಇದಕ್ಕೆ ಸಾಲದು. ಕೇಬಲ್ ಮೇಲೆ ನಡೆದು ಬರುತ್ತಿದ್ದರೆ ನೀವಾಗಿ ತಂತಿ ಮುಟ್ಟಬೇಡಿ, ಕೊಂಬೆ ತಾಗುವ ವಿದ್ಯುತ್ ತಂತಿಗೆ ಮೆಸ್ಕಾಂನವರನ್ನೇ ಕರೆಯಬೇಕು.

ಆಮೇಲೆ ಒಳಗಿನಿಂದ ಹೊರಗೆ ಮಾತ್ರ ತೆರೆಯುವ ಬಾಗಿಲು. ಆಚಾರಿಯವರಿಂದ 45 ಸೆಂಟಿಮೀಟರ್ ಉದ್ದದ, ಒಳಗೆ 20 ಸೆಂಟಿಮೀಟರ್ ಚೌಕದ, ಎರಡೂ ತುದಿ ತೆರೆದ ಪೆಟ್ಟಿಗೆ ಮಾಡಿಸಿ. ನಡುವೆ, ಮೇಲ್ಭಾಗಕ್ಕೆ ಬಿಜಾಗರಿ ಹಾಕಿ ಅಕ್ರಿಲಿಕ್ ಹಲಗೆ ತೂಗಿಸಬೇಕು. ಹಲಗೆಯ ಉದ್ದ 23 ಸೆಂಟಿಮೀಟರ್ ಇರಲಿ. ಪೆಟ್ಟಿಗೆಯ ಎತ್ತರಕ್ಕಿಂತ ಉದ್ದವಾದ್ದರಿಂದ ಅದು ನೇರ ನಿಲ್ಲದೆ ಹೊರಮುಖವಾಗಿ ಓರೆಯಾಗಿ ಕೂರುತ್ತದೆ. ಒಳಗಿನಿಂದ ತಲೆ ತಾಗಿಸಿದರೆ ಮೇಲೇಳುತ್ತದೆ, ಹೊರಗಿನಿಂದ ದೂಡಿದರೆ ತಳಕ್ಕೆ ಕಚ್ಚಿ ನಿಲ್ಲುತ್ತದೆ. ಹಲಗೆ ಪಾರದರ್ಶಕವಾಗಿರಲಿ, ಆಚೆಗೆ ಬಯಲು ಕಂಡರೆ ಪ್ರಾಣಿ ಸಲೀಸಾಗಿ ದೂಡುತ್ತದೆ. ಪಕ್ಕದ ಸಂದು ಅರ್ಧ ಸೆಂಟಿಮೀಟರಿಗಿಂತ ಹೆಚ್ಚಾದರೆ ಹೊರಗಿನಿಂದ ಉಗುರು ಸಿಕ್ಕಿಸಿ ಎತ್ತಿಬಿಡುತ್ತದೆ. ಬಿಜಾಗರಿ ಸ್ಟೀಲಿನದೇ ಬೇಕು. ನಮ್ಮ ಉಪ್ಪುಗಾಳಿಗೆ ಕಬ್ಬಿಣದ್ದು ಬಿಗಿದುಕೊಂಡು ಬಾಗಿಲು ಅರ್ಧ ತೆರೆದೇ ನಿಲ್ಲುತ್ತದೆ.

ಉಳಿದ ತೂತುಗಳನ್ನೆಲ್ಲ ಮುಚ್ಚಿ, ಪ್ರಾಣಿ ನಿತ್ಯ ಬಳಸುವ ಒಂದರಲ್ಲಿ ಮಾತ್ರ ಈ ಪೆಟ್ಟಿಗೆ ಕೂರಿಸಿ. ಒಂದು ವಾರ ಬಿಡಿ. ಅಟ್ಟದೊಳಗೆ ಪೆಟ್ಟಿಗೆಯ ಬಾಯಲ್ಲಿ ಮೈದಾ ಹರಡಿ ನೋಡಿ: ಸತತ ಮೂರು ರಾತ್ರಿ ಹೆಜ್ಜೆ ಬೀಳದಿದ್ದರೆ, ಮರಿಯ ದನಿಯೂ ಇಲ್ಲದಿದ್ದರೆ ಪೆಟ್ಟಿಗೆ ತೆಗೆದು ಆ ತೂತನ್ನೂ ಮುಚ್ಚಬಹುದು.

ಮುಚ್ಚಲು ಕೋಳಿಬಲೆ ಸಾಲದು, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕೈಯಲ್ಲೇ ಮುರಿಯುವ ಸ್ಥಿತಿಗೆ ಬರಬಹುದು. ಫೋಮ್ ಸ್ಪ್ರೇಯನ್ನು ಕಬ್ಬೆಕ್ಕು ಕೆರೆದು ಉದುರಿಸುತ್ತದೆ. ಅರ್ಧ ಇಂಚು ಕಣ್ಣಿನ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಮೆಶ್, ಸ್ಟೀಲ್ ಸ್ಕ್ರೂ, ಅಗಲ ವಾಷರ್ ಬಳಸಿ, ಪಕ್ಕಾಸಿಗೆ (ಮಾಡಿನ ಇಳಿಜಾರು ತೊಲೆಗೆ) 15 ಸೆಂಟಿಮೀಟರಿಗೊಂದು ಸ್ಕ್ರೂ ಹಾಕಿ. ಗೋಡೆಗೂ ಮಾಡಿಗೂ ನಡುವಿನ ಸಂದಿಗೆ ಸಿಮೆಂಟ್ ಮೆತ್ತುವುದು ಸುಲಭ, ಆದರೆ ಗಾಳಿಯಾಡದೆ ಪಕ್ಕಾಸು, ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಕುಂಬಾಗಿ ಕೊಳೆಯುತ್ತವೆ, ಗೆದ್ದಲು ಹಿಡಿಯುತ್ತದೆ. ಮೆಶ್ಶೇ ಇರಲಿ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಂದಿನಿಂದಲೂ ಮಂಗಳೂರು ಹೆಂಚು ರೀಪಿಗೆ ಕೊಕ್ಕೆಯಂತೆ ಸಿಕ್ಕಿಕೊಂಡು ತನ್ನ ಭಾರದಲ್ಲೇ ಕೂರುವಂಥದ್ದು, ಎತ್ತಿದರೆ ಏಳುತ್ತದೆ. ಆದ್ದರಿಂದ ಸೂರಿನ ಮೊದಲ ಎರಡು ಸಾಲನ್ನು ತಾಮ್ರದ ತಂತಿಯಿಂದ ರೀಪಿಗೆ ಬಿಗಿಯುವುದು ಒಳ್ಳೆಯದು.

ಹೆಂಚಿನ ಮೇಲಿನ ಕೆಲಸವೆಲ್ಲ ಪತ್ತನಾಜೆಯ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ದಿನ) ಒಳಗೆ, ಮಳೆ ಹಿಡಿಯುವ ಮುಂಚೆ ಮುಗಿಯಲಿ. ಪಾಚಿ ಕಟ್ಟಿದ ಹೆಂಚಿನ ಮೇಲೆ ಮಳೆಯಲ್ಲಿ ಕಾಲಿಡಬಾರದು.

ಅಟ್ಟದ ಹಿಕ್ಕೆಯನ್ನು ಒಣಗಿದ್ದ ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ, ಎನ್-95 ಮಾಸ್ಕ್, ಕೈಗವಸು ಹಾಕಿ ಕೆರೆದು ತೆಗೆಯಿರಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಅಥವಾ ಉಡುಪಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗಾಯಗೊಂಡ ಪ್ರಾಣಿ ಅಥವಾ ತಾಯಿ ಬಾರದ ಮರಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಕೆಳಗೆ ಬಿದ್ದ ಮರಿ ಗಟ್ಟಿಮುಟ್ಟಾಗಿದ್ದರೆ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಾಯಿ ತಲುಪದ ಎತ್ತರದಲ್ಲಿ, ಬಿದ್ದ ಜಾಗದ ಹತ್ತಿರವೇ ಒಂದು ರಾತ್ರಿ ಇರಿಸಿ; ತಾಯಿ ಬಂದು ಒಯ್ಯಬಹುದು. ಹಸುವಿನ ಹಾಲು ಕುಡಿಸಲು ಹೋಗಬೇಡಿ, ಅದರಿಂದ ಭೇದಿ ಹತ್ತುತ್ತದೆ.